ನಿಂಗಾಜಮ್ಮ ಹತ್ತಿದ ರೈಲು

ಹಸಿರು ದೀಪ ಬಿದ್ದ ಮಾತ್ರಕ್ಕೆ ರೈಲು ಹೊರಡುತ್ತದೆ ಎಂದು ತಿಳಿದಿರುವವರು ಒಮ್ಮೆ ನಮ್ಮೂರಿನ ಜಂಕ್ಷನ್ನಿಗೆ ಬರಬೇಕು. ಇಲ್ಲಿ ನಿಂತ ರೈಲು ಮತ್ತೆ ಕದಲಬೇಕಾದರೆ ಊರಿನವರು ಯಾರಾದರೂ ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ಅದಕ್ಕೆ 'ಹೋಗಿ ಬಾ' ಅನ್ನಬೇಕು. ಅನ್ನದಿದ್ದರೆ ಡ್ರೈವರ್ ಎಷ್ಟು ಸೀಟಿ ಹೊಡೆದರೂ ಅಷ್ಟೇ, ಗಾರ್ಡು ಎಷ್ಟು ಬಾವುಟ ಬೀಸಿದರೂ ಅಷ್ಟೇ. ಅನ್ನುವವರು ಆ ರೈಲಿನಲ್ಲಿ ಹೋಗುವವರಾಗಿರಬಾರದು. ಉಳಿಯುವವರು ಹೋಗುವವರಿಗೆ ಹೇಳುವ ಮಾತು ಅದು. ಬಾಯಿಮಾತಿಗೆ ಅಂದರೂ ನಡೆಯುವುದಿಲ್ಲ, ಹೊಟ್ಟೆಯೊಳಗಿಂದ ಬರಬೇಕು. ಇದು ಯಾವಾಗ ಶುರುವಾಯಿತು, ಯಾಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ನಮ್ಮಲ್ಲಿ ಯಾರೂ ಕೇಳಿದವರಲ್ಲ. ಅನ್ನ ಬೇಯುವುದಕ್ಕೆ ನೀರು ಯಾಕೆ ಬೇಕು ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಊರು ಇದಕ್ಕೆ ಚೆನ್ನಾಗಿ ಒಗ್ಗಿಕೊಂಡಿದೆ. ಬೆಳಗಿನ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವವರ ಮನೆಯಿಂದ ಯಾರಾದರೂ ಒಬ್ಬರು ಸ್ಟೇಷನ್ನಿಗೆ ಬಂದೇ ಬರುತ್ತಾರೆ. ಒಲೆಯ ಮೇಲೆ ಬೇಳೆ ಇಟ್ಟು ಓಡಿ ಬಂದವರು, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಬಂದವರು, ಕಂಕುಳಲ್ಲಿ ಕೂಸು ಇರುವವರು. ತಮ್ಮವರು ಯಾವ ಡಬ್ಬಿಯಲ್ಲಿದ್ದಾರೆ ಎಂದು ಕಣ್ಣಲ್ಲೇ ಹುಡುಕಿ, ಹೋಗಿ ಬಾ ಎಂದು ಹೇಳಿ, ಅದೇ ಓಟದಲ್ಲಿ ಮನೆಗೆ ಹೋಗುತ್ತಾರೆ. ಒಮ್ಮೆ ಹೂವಿನಂಗಡಿ ರುದ್ರೇಶ ಹೆಂಡತಿಯ ಜೊತೆ ಜಗಳವಾಡಿಕೊಂಡು ರೈಲು ಹತ್ತಿದ. ಅವತ್ತು ಬೀಳ್ಕೊಡಲು ಬಂದಿದ್ದವಳು ಅವಳೊಬ್ಬಳೇ. ಹಲ್ಲು ಕಚ್ಚಿಕೊಂಡು ಹೋಗಿ ಬಾ ಅಂದಳು. ರೈಲು ಅಲ್ಲಾಡಲಿಲ್ಲ. ಇಡೀ ರೈಲಿನ ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿ, 'ಏನಾರ ಆಗ್ಲಿ ಒಪ್ಕೊಂಬುಡಯ್ಯ ರುದ್ರೇಶ, ತಪ್ಪು ನಂದೇ ಅಂದ್ಬುಡು' ಎಂದು ಅವನ ಜೀವ ಹಿಂಡಿದರು. ಅವನು ಒಪ್ಪಿಕೊಂಡ ಮೇಲೆ ಅವಳು ನಕ್ಕಳು, ರೈಲು ಹೊರಟಿತು. ಆಮೇಲೆ ಅವರ ಮನೆಯಲ್ಲಿ ಬೆಳಗಿನ ಹೊತ್ತು ಜಗಳವಾದದ್ದನ್ನು ನಾನು ಕೇಳಿಲ್ಲ.

ನನ್ನ ಹೆಸರು ತಿಪ್ಪೇಶಿ. ಒಂದನೇ ಪ್ಲಾಟ್‌ಫಾರಮ್ಮಿನಲ್ಲಿ ವಡೆ ಮಾರುತ್ತೇನೆ. ನನ್ನ ವಡೆ ಗಟ್ಟಿ ಎಂದು ಹೇಳುವವರು ಇದ್ದಾರೆ, ಅಂಥವರು ಮರುದಿನವೂ ಬಂದು ತೆಗೆದುಕೊಳ್ಳುತ್ತಾರೆ, ಇರಲಿ. ನಾನು ಹೇಳಹೊರಟಿರುವುದು ನನ್ನ ವಿಷಯವಲ್ಲ, ನನ್ನ ಗಾಡಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ ನಿಂಗಾಜಮ್ಮನ ವಿಷಯ.

ಲೋಕಲ್ ರೈಲುಗಳನ್ನು ಕಳಿಸುವುದಕ್ಕೆ ಊರೇ ಇತ್ತು. ಕಷ್ಟವಿದ್ದದ್ದು ಎಕ್ಸ್‌ಪ್ರೆಸ್ಸುಗಳದ್ದು. ನಮ್ಮ ಜಂಕ್ಷನ್ನಿನ ಹಳಿಗಳು ಒಂದರ ಮೇಲೊಂದು ಹಾದು ಎಷ್ಟು ಗೋಜಲಾಗಿದ್ದವೆಂದರೆ, ದೊಡ್ಡ ಊರಿಂದ ದೊಡ್ಡ ಊರಿಗೆ ಹೋಗುವ ರೈಲುಗಳೆಲ್ಲ ಬೇಕಿರಲಿ ಬೇಡದಿರಲಿ ಇಲ್ಲಿ ನಿಂತೇ ದಾರಿ ಬದಲಿಸಿಕೊಳ್ಳಬೇಕಿತ್ತು. ನಿಂತಮೇಲೆ ಮುಗಿಯಿತು, ಯಾರಾದರೂ ಕಳಿಸಲೇಬೇಕು. ಒಳಗೆ ಮಲಗಿರುವವರು, ಇಸ್ಪೀಟು ಆಡುವವರು, ಈ ಊರಿನ ಹೆಸರೇ ಗೊತ್ತಿಲ್ಲದವರು. ಇಂಥವರನ್ನು ಹೊಟ್ಟೆಯೊಳಗಿಂದ ಹೋಗಿ ಬಾ ಎಂದು ಕಳಿಸುವುದು ಹೇಗೆ? ನಾನೇ ಎಷ್ಟೋ ಸಲ ಪ್ರಯತ್ನಪಟ್ಟಿದ್ದೇನೆ. ಇವರು ವಡೆ ಕೊಳ್ಳಲಿಲ್ಲವಲ್ಲ ಎನ್ನುವ ಯೋಚನೆ ನಡುವೆ ಬಂದುಬಿಡುತ್ತಿತ್ತು, ರೈಲು ನಿಂತೇ ಇರುತ್ತಿತ್ತು.

ನಿಂಗಾಜಮ್ಮನಿಗೆ ಮಾತ್ರ ಅದು ಬರುತ್ತಿತ್ತು. ಮೊದಲು ಅವಳ ಅತ್ತೆ ಈ ಕೆಲಸ ಮಾಡುತ್ತಿದ್ದಳಂತೆ. ಅತ್ತೆ ಹಾಸಿಗೆ ಹಿಡಿದಾಗ ಮದುವೆಯಾಗಿ ಬಂದ ಹೊಸದರಲ್ಲಿದ್ದ ಈಕೆ ಬಂದು ನಿಂತಳು, ನಿಂತವಳು ಮತ್ತೆ ಅಲ್ಲಿಂದ ಹೋಗಲಿಲ್ಲ. ರೈಲು ಬಂದು ನಿಂತರೆ ಎದ್ದು ಹೋಗಿ, ಒಂದು ಕಿಟಕಿಯನ್ನು ಆರಿಸಿಕೊಂಡು, ಒಳಗಿರುವ ಮುಖವನ್ನು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು 'ಹೋಗ್ಬುಟ್ಟು ಬಾರಪ್ಪ' ಅನ್ನುತ್ತಿದ್ದಳು. ಅಷ್ಟು ದೊಡ್ಡ ರೈಲು, ಸ್ಕೂಲಿಗೆ ಹೊರಟ ಮಗುವಿನ ಹಾಗೆ, ಮಾತು ಮುಗಿಯುವುದರೊಳಗೆ ಹೊರಡುತ್ತಿತ್ತು.

'ಏನಮ್ಮಾ ನೋಡ್ತಿ ಆ ಕಿಟಕೀಲಿ?' ಎಂದು ಒಮ್ಮೆ ಕೇಳಿದೆ.

'ಏನಾರ ಒಂದ್ ಕಾಣ್ತದೆ ಕಣ್ಲ' ಅಂದಳು. 'ಒಬ್ಳು ಬುತ್ತಿ ಬಿಚ್ಚಿ ಮುಂಚೆ ಪಕ್ಕದೋರಿಗೆ ಕೊಡ್ತಿರ್ತಾಳೆ. ಒಬ್ಬ ಹೊಸಾ ಚಪ್ಲಿ ಹಾಕ್ಕೊಂಡು ಅದನ್ನೇ ನೋಡ್ಕೊಂಡ್ ಕೂತಿರ್ತಾನೆ. ಅಷ್ಟು ಸಿಕ್ಬುಟ್ರೆ ಸಾಕು, ನಮ್ಮೋರೇ ಅನ್ಸ್‌ಬುಡ್ತದೆ.'

'ಇಷ್ಟು ವರ್ಷದಿಂದ ಕಳುಸ್ತಾ ಇದ್ದೀಯ, ಒಂದ್ ರೈಲಾದ್ರೂ ಬತ್ತೀನಿ ಅಂತ ತಿರುಗಿ ಹೇಳ್ತಾ?'

'ಇಲ್ಲ ಬುಡು. ಮನುಷ್ರಿಗೆ ಹೋಗ್ಬಾ ಅಂದ್ರೆ ಬತ್ತೀನಿ ಅಂತಾರೆ. ಇದು ಕಬ್ಬಿಣ. ಸಾಯಂಕಾಲ ಸುಮ್ಕೆ ಬಂದ್ ನಿಂತ್ಕೊತದೆ, ಅದೇ ಅದ್ರ ಮಾತು' ಅಂದಳು.

ಹಾಗೆಂದು ನಕ್ಕಳು. ಆದರೆ ಅವಳ ಮನಸ್ಸಿನಲ್ಲಿ ಒಂದು ಕೊರಗು ಇತ್ತು, ಅದು ನನಗೆ ಗೊತ್ತಿತ್ತು. ಅವಳು ಹುಟ್ಟಿದಾಗಿನಿಂದ ರೈಲು ಹತ್ತಿದವಳಲ್ಲ. ಒಂದು ಎಕ್ಸ್‌ಪ್ರೆಸ್ಸು ಹೋಗುವುದರೊಳಗೆ ಇನ್ನೊಂದು ಬಂದು ನಿಲ್ಲುತ್ತಿತ್ತು, ಅದರ ಹಿಂದೆ ಊರಾಚೆ ಔಟರ್ ಸಿಗ್ನಲ್ಲಿನಲ್ಲಿ ಲೋಕಲ್ಲುಗಳು ಕಾಯುತ್ತ ನಿಲ್ಲುತ್ತಿದ್ದವು. ಅವಳು ಅರ್ಧ ದಿನ ಊರಲ್ಲಿ ಇಲ್ಲವೆಂದರೆ ಎರಡೂ ದಿಕ್ಕಿಗೆ ಹರದಾರಿಗಟ್ಟಲೆ ರೈಲು ನಿಲ್ಲುತ್ತಿದ್ದವು. ಒಮ್ಮೆ ಅವಳಿಗೆ ಜ್ವರ ಬಂದಾಗ ಮಂಚದ ಸಮೇತ ಪ್ಲಾಟ್‌ಫಾರಮ್ಮಿಗೆ ಹೊತ್ತು ತಂದಿದ್ದೆವು. ಮಂಚದ ಒಂದು ಕಾಲನ್ನು ನಾನೂ ಹಿಡಿದಿದ್ದೆ.

ಅವಳಿಗಿದ್ದವಳು ಒಬ್ಬಳೇ ತಂಗಿ, ಗಂಗಮ್ಮ. ಲೋಕಲ್ ರೈಲು ಹೋಗುವ ದಾರಿಯಲ್ಲೇ, ಕೊನೆಯ ನಿಲ್ದಾಣದ ಹತ್ತಿರ ಅವಳ ಮನೆ. ಗಂಗಮ್ಮ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಂದು ಅಕ್ಕನ ಕೈಯಿಂದ ಬಾಗಿನ ತೆಗೆದುಕೊಂಡು ಹೋಗುತ್ತಿದ್ದಳು. ಹೋಗುವಾಗೆಲ್ಲ ಕಿಟಕಿಯಿಂದ ಒಂದೇ ಮಾತು: 'ಅಕ್ಕ, ನಾನ್ ಸಾಯೋದ್ರೊಳಗೆ ಒಂದ್ಸಲ ನನ್ನ ಹೊಸ್ಲು ತುಳಿಯೇ.' ಗಂಡ ಹೆಂಡತಿ ಇಬ್ಬರೇ ಇಟ್ಟಿಗೆ ಹೊತ್ತು ಕಟ್ಟಿಕೊಂಡ ಮನೆ ಅದು. ನೀಲಿ ಬಾಗಿಲು, ಹಿತ್ತಲಲ್ಲಿ ನುಗ್ಗೆಮರ, ಬಾಗಿಲ ಪಕ್ಕ ಕೂರುವುದಕ್ಕೊಂದು ಜಗಲಿ. ನಿಂಗಾಜಮ್ಮ ಅದನ್ನೆಲ್ಲ ನನಗೆ ಎಷ್ಟು ಸಲ ಹೇಳಿದ್ದಳೆಂದರೆ, ನೋಡದ ಆ ಮನೆಯ ದಾರಿಯನ್ನು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವನಾಗಿದ್ದೆ. ಆಮೇಲೆ ಗಂಗಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಗೌರಿ ಹಬ್ಬ ಬಂತು, ಗಂಗಮ್ಮ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಎರಡು ವರ್ಷದ ಬಾಗಿನದ ಮೊರಗಳೂ ನಿಂಗಾಜಮ್ಮನ ಕೋಣೆಯ ಗೂಡಿನಲ್ಲಿ ಕೂತಿದ್ದವು. ಫೋನಿನಲ್ಲಿ ತಂಗಿ ಈಗ ಹೊಸ್ತಿಲ ಮಾತು ಎತ್ತುತ್ತಿರಲಿಲ್ಲ. ಎತ್ತದೇ ಇದ್ದದ್ದೇ ನಿಂಗಾಜಮ್ಮನನ್ನು ಸುಡುತ್ತಿತ್ತು.

ಜಂಕ್ಷನ್ನನ್ನು ಮೇಲ್ದರ್ಜೆಗೆ ಏರಿಸುತ್ತಾರಂತೆ ಎನ್ನುವ ಸುದ್ದಿ ಹೀಗಿರುವಾಗ ಬಂತು. ನಾವು ನಂಬಲಿಲ್ಲ. ಹಿಂದೆಯೂ ಒಬ್ಬ ಸ್ಟೇಷನ್ ಮಾಸ್ತರು ಸುಧಾರಣೆ ಮಾಡುತ್ತೇನೆಂದು ನಿಂಗಾಜಮ್ಮನ ದನಿಯನ್ನು ರೆಕಾರ್ಡು ಮಾಡಿ ಮೈಕಿನಲ್ಲಿ ಹಾಕಿಸಿದ್ದರು. ರೈಲು ಒಂದು ಗೇಣು ಮುಂದೆ ಹೋಗಿ, ಅನುಮಾನ ಬಂದವರ ಹಾಗೆ ನಿಂತುಬಿಟ್ಟಿತ್ತು. ಮೈಕು ದಿನವಿಡೀ ಹೋಗ್ಬುಟ್ಟು ಬಾರಪ್ಪ ಎಂದು ಅರಚಿ ಅರಚಿ ಕೊನೆಗೆ ಕೆಟ್ಟುಹೋಯಿತು.

ಈ ಸಲ ಬಂದದ್ದು ಒಬ್ಬ ಹೆಂಗಸು. ಐರಿನ್ ಪಿಂಟೊ ಎಂದು ಹೆಸರು, ಕರಾವಳಿ ಕಡೆಯವರು, ಇಂಜಿನಿಯರು. ತಲೆಗೆ ಹಳದಿ ಟೋಪಿ, ಕಾಲಿಗೆ ಗಂಡಸರ ಬೂಟು. ಬಂದ ದಿನವೇ ಜಲ್ಲಿ ತುಂಬಿದ ಅವರ ರೈಲು ಪ್ಲಾಟ್‌ಫಾರಮ್ಮಿನಲ್ಲಿ ಸಿಕ್ಕಿಹಾಕಿಕೊಂಡಿತು. ಬ್ರೇಕು ಬಿಚ್ಚಿಸಿದರು, ಎಂಜಿನ್ ಬದಲಾಯಿಸಿದರು, ಏನೂ ಆಗಲಿಲ್ಲ. ನಿಂಗಾಜಮ್ಮ ಹತ್ತಿರ ಹೋಗಿ ನೋಡಿದಳು. ಕಿಟಕಿಯೂ ಇಲ್ಲ, ಮುಖವೂ ಇಲ್ಲ, ಬರೀ ಕಲ್ಲು. ಸ್ವಲ್ಪ ಹೊತ್ತು ಯೋಚಿಸಿ, 'ಎಷ್ಟ್ ಜನ ಒಡೆದವ್ರೋ ಪಾಪ ಈ ಕಲ್ಲ' ಎಂದು, ಆಮೇಲೆ ಹೋಗ್ಬುಟ್ಟು ಬಾರಪ್ಪ ಅಂದಳು. ರೈಲು ಹೋಯಿತು.

ಐರಿನ್ ಮೇಡಂ ಟೋಪಿ ತೆಗೆದು ನನ್ನ ಗಾಡಿಯ ಮೇಲಿಟ್ಟರು. 'ಎಂಥದು ಮಾರಾಯ್ರೆ ಇದು?' ಎಂದು ನನ್ನನ್ನು ಕೇಳಿದರು.

'ಅದು ಹಂಗೇ ಮೇಡಂ. ವಡೆ ತಿನ್ನಿ' ಅಂದೆ.

ಅವರು ತಿಂದರು. ಬೇರೆಯವರಾಗಿದ್ದರೆ ನಮ್ಮನ್ನು ಹುಚ್ಚರೆನ್ನುತ್ತಿದ್ದರು, ಇಲ್ಲ ಯಂತ್ರ ತಂದು ಪರೀಕ್ಷೆ ಮಾಡುತ್ತಿದ್ದರು. ಇವರು ಎರಡನ್ನೂ ಮಾಡಲಿಲ್ಲ. ಮರುದಿನದಿಂದ ಕಲ್ಲುಬೆಂಚಿನ ಮೇಲೆ ನಿಂಗಾಜಮ್ಮನ ಪಕ್ಕ ಕೂತು, ಯಾವ ರೈಲು ಎಷ್ಟು ಹೊತ್ತು ನಿಲ್ಲುತ್ತದೆ, ಯಾವುದರ ಹಿಂದೆ ಯಾವುದು ಕಾಯುತ್ತದೆ ಎಂದು ನೋಡಿದರು. ಔಟರಿನಲ್ಲಿ ನಿಂತ ಲೋಕಲ್ಲಿನಲ್ಲಿ ತಾವೇ ಕೂತು ಬಂದರು. ಬಟ್ಟೆ ಕಾರ್ಖಾನೆಯ ಹೆಣ್ಣುಮಕ್ಕಳು ಮನೆಯ ದೀಪ ಕಣ್ಣಿಗೆ ಕಾಣುತ್ತಿದ್ದರೂ ಇಳಿಯಲಾಗದೆ, ಕೂತಲ್ಲೇ ಸೊಪ್ಪು ಸೋಸಿ, ಕೂತಲ್ಲೇ ಫೋನಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದನ್ನು ನೋಡಿದರು. ಆಮೇಲೆ ಒಂದು ಸಂಜೆ ನಿಂಗಾಜಮ್ಮನಿಗೆ ತಮ್ಮ ಯೋಚನೆ ಹೇಳಿದರು. ಎಕ್ಸ್‌ಪ್ರೆಸ್ಸುಗಳಿಗೆ ಒಂದು ಮೇಲ್ಸೇತುವೆ ಕಟ್ಟಿ, ಅವು ಊರಿನ ತಲೆಯ ಮೇಲೆ ನಿಲ್ಲದೆ ಹೋಗಿಬಿಡುವಂತೆ ಮಾಡುವುದು. ಕೆಳಗಿನ ಹಳಿಗಳು ಲೋಕಲ್ಲಿಗೆ ಮಾತ್ರ. ಯಾವುದೂ ಯಾವುದಕ್ಕೂ ಕಾಯಬೇಕಿಲ್ಲ.

'ನಿಲ್ಲದ ರೈಲಿಗೂ ನೀವು ಹೇಳಬೇಕಾಗ್ತದಾ ಅಮ್ಮ?' ಎಂದು ಕೇಳಿದರು. ಆ ಪ್ರಶ್ನೆಯಲ್ಲೇ ಇಡೀ ಸೇತುವೆ ನಿಂತಿತ್ತು.

'ಮನೆ ಮುಂದೆ ಹಾದು ಹೋಗೋರ್ಗೆಲ್ಲ ಹೋಗ್ಬಾ ಅಂತೀವಾ ಮಗಾ? ಒಳಕ್ ಬಂದು ಕೂತೋರ್ಗೆ ತಾನೆ' ಅಂದಳು ನಿಂಗಾಜಮ್ಮ.

ಮೇಡಂ ತಲೆಯಾಡಿಸಿದರು. ಆಮೇಲೆ ತಗ್ಗಿದ ದನಿಯಲ್ಲಿ, 'ನಿಮ್ಮ ಕೆಲಸವನ್ನೇ ನಾನು ತೆಗೀತಾ ಇದ್ದೇನೆ ಅಮ್ಮ. ನಿಮಗೆ ಬೇಜಾರಿದ್ದರೆ ಈಗಲೇ ಹೇಳಿ' ಅಂದರು.

ನಾನು ಬಾಣಲೆಯಲ್ಲಿ ವಡೆ ಕರಿಯುವುದನ್ನು ಬಿಟ್ಟು ಕಿವಿ ಕೊಟ್ಟೆ. ಒಂದು ಜನ್ಮದ ಕೆಲಸ, ಒಂದೇ ಮಾತಿನಲ್ಲಿ ಮುಗಿಯುವುದೆಂದರೆ ಯಾರಿಗೆ ತಾನೇ ನೋವಾಗುವುದಿಲ್ಲ. ನಿಂಗಾಜಮ್ಮ ಕಣ್ಣು ಒರೆಸಿಕೊಂಡಳು. 'ಹಂಗಾರೆ ನಾನು ನಮ್ ಗಂಗಿ ಮನೆಗೆ ಹೋಗ್ಬೌದಾ?' ಎಂದು ಕೇಳಿದಳು. ವಡೆ ಸೀದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಕೆಲಸ ಬಹಳ ದಿನ ನಡೆಯಿತು. ಧೂಳು, ಸದ್ದು, ದಾರಿಗಳೆಲ್ಲ ಬಂದ್. ನನ್ನ ಗಾಡಿಯನ್ನು ಎಲ್ಲೆಲ್ಲಿಗೆ ತಳ್ಳಿದರೆಂದು ಹೇಳಿದರೆ ಬೇರೆ ಕಥೆಯಾಗುತ್ತದೆ. ನಾವು ಗೊಣಗಿದೆವು, ಆದರೆ ಕೆಲಸದವರಿಗೆ ಬಿಸಿಲಲ್ಲಿ ಮಜ್ಜಿಗೆ ಕೊಡದ ಬೀದಿ ಯಾವುದೂ ಇರಲಿಲ್ಲ. ಎಲ್ಲೆಲ್ಲಿಯ ಜನವೋ ಅವರು, ನಮ್ಮ ಭಾಷೆಯೂ ಬಾರದು. ನಮ್ಮ ಹೆಣ್ಣುಮಕ್ಕಳು ಹೊತ್ತಿಗೆ ಮುಂಚೆ ಮನೆ ಸೇರಲಿ ಎಂದು ಅಷ್ಟೆತ್ತರ ಹತ್ತಿ ಕಬ್ಬಿಣ ಕಟ್ಟುತ್ತಿದ್ದರು. ಅವರ ಉಪಕಾರವನ್ನು ನಾನು ಮರೆಯುವವನಲ್ಲ. ಕೆಲಸ ಮುಗಿದು ಅವರು ಗುಂಪಾಗಿ ರೈಲು ಹತ್ತಿದ ದಿನ ನಿಂಗಾಜಮ್ಮ ಒಂದೊಂದು ಕಿಟಕಿಗೂ ಹೋದಳು. ಆ ರೈಲು ತಡವಾಗಿ ಹೊರಟಿತು. ಯಾರೂ ಬೈಯಲಿಲ್ಲ.

ಮೇಲ್ಸೇತುವೆಯ ಮೇಲೆ ಮೊದಲ ಎಕ್ಸ್‌ಪ್ರೆಸ್ಸು ಬಂದಾಗ ಊರೆಲ್ಲ ಕೆಳಗೆ ನಿಂತು ಕತ್ತೆತ್ತಿ ನೋಡಿತು. ಐರಿನ್ ಮೇಡಂ ಶಿಲುಬೆಯ ಗುರುತು ಮಾಡಿಕೊಂಡದ್ದನ್ನು ನಾನು ಕಂಡೆ. ರೈಲು ಬಂತು, ನಮ್ಮ ತಲೆಯ ಮೇಲೆ ಗಡಗಡ ಅಂದಿತು, ಹೋಗಿಯೇ ಬಿಟ್ಟಿತು. ನಿಂಗಾಜಮ್ಮ ಹೇಳುವುದಕ್ಕೆಂದು ತೆರೆದ ಬಾಯಿ ತೆರೆದ ಹಾಗೆಯೇ ಇತ್ತು.

'ನಿಲ್ಲಲೇ ಇಲ್ವಲ್ಲೋ ತಿಪ್ಪೇಶಿ' ಅಂದಳು. ಆಮೇಲೆ ನಗು ಬಂತು ಅವಳಿಗೆ, ಸೆರಗು ಬಾಯಿಗೆ ಹಿಡಿದು ನಕ್ಕಳು. ಎಷ್ಟೋ ವರ್ಷದ ಮೇಲೆ ಅವತ್ತು ಮಧ್ಯಾಹ್ನ ಅವಳು ಕೂತು ಬಿಸಿಯಾಗಿ ಊಟ ಮಾಡಿದಳು.

ಕೆಳಗಿನ ಹೊಸ ಪ್ಲಾಟ್‌ಫಾರಮ್ಮಿನ ಉದ್ಘಾಟನೆಗೆ ಗೌರಿ ಹಬ್ಬದ ಬೆಳಗ್ಗೆಯೇ ನಿಗದಿಯಾಯಿತು. ಮೊದಲ ಲೋಕಲ್ಲಿನಲ್ಲಿ ಕಿಟಕಿಯ ಪಕ್ಕ ನಿಂಗಾಜಮ್ಮ ಕೂರಬೇಕು ಎಂದು ಊರೇ ತೀರ್ಮಾನ ಮಾಡಿತ್ತು. ಮುಂದೆ ಲೋಕಲ್ಲುಗಳನ್ನು ಕಳಿಸುವುದಕ್ಕೆ ಯಾವ ದಿನ ಯಾವ ಬೀದಿ ಎನ್ನುವುದೂ ಸ್ಟೇಷನ್ನಿನ ಎದುರಿನ ಕಟ್ಟೆಯ ಮೇಲೆ ಕೂತು ನಿಶ್ಚಯವಾಯಿತು. ಹಬ್ಬದ ಮಾರನೆ ದಿನ ಕುಂಬಾರ ಬೀದಿ, ಆಮೇಲೆ ಪೇಟೆ ಬೀದಿ, ಹೀಗೆ. ಬಹಳ ಸೊಗಸಾಗಿ ಹಂಚಿಕೊಂಡೆವು. ನಾನೇ ಮುಂದೆ ನಿಂತು ಹಂಚಿದೆ ಎಂದು ಹೇಳಿಕೊಳ್ಳಲು ಆಗ ಹೆಮ್ಮೆಯಿತ್ತು.

ಫೋನಿನಲ್ಲಿ ತಂಗಿಗೆ ವಿಷಯ ತಿಳಿಸುವಾಗ ನಾನು ಪಕ್ಕದಲ್ಲೇ ಇದ್ದೆ. ಗಂಗಮ್ಮ ಮೊದಲು ನಂಬಲಿಲ್ಲ. ನಂಬಿದ ಮೇಲೆ, 'ಅಕ್ಕ, ಜಗಲಿ ಮೇಲೆ ಕೂತಿರ್ತೀನಿ. ಎತ್ಕೊಂಡ್ ಬಂದು ಕೂರ್ಸಿ ಅಂತ ಹೇಳ್ತೀನಿ' ಅಂದಳು.

ಹಬ್ಬದ ದಿನ ನಿಂಗಾಜಮ್ಮ ಮದುವೆಯ ಸೀರೆ ಉಟ್ಟು ಬಂದಳು. ಎರಡು ವರ್ಷದ ಬಾಗಿನ, ಈ ವರ್ಷದ ಬಾಗಿನ, ಎಲ್ಲವನ್ನೂ ಒಂದು ದೊಡ್ಡ ಬುಟ್ಟಿಯಲ್ಲಿಟ್ಟು ಹೊಸ ಬಟ್ಟೆ ಮುಚ್ಚಿದ್ದಳು. ರುದ್ರೇಶನ ಹೆಂಡತಿ ಮಾರುದ್ದ ಮಲ್ಲಿಗೆ ಮುಡಿಸಿದಳು. ಹೊಸ ಪ್ಲಾಟ್‌ಫಾರಂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ನಟ್ಟನಡುವೆ, ಕಳಿಸುವವರು ಮಳೆ ಬಿಸಿಲಲ್ಲಿ ನಿಲ್ಲಬಾರದೆಂದು ಐರಿನ್ ಮೇಡಂ ಸಣ್ಣದೊಂದು ಮಾಡು ಹಾಕಿಸಿ, ಹಳೆಯ ಕಲ್ಲುಬೆಂಚನ್ನೇ ತಂದು ಕೂರಿಸಿದ್ದರು. ಅದನ್ನು ಕಂಡು ನಿಂಗಾಜಮ್ಮ ಮೇಡಂ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಎಡಗಾಲೋ ಬಲಗಾಲೋ ಎಂದು ಮೆಟ್ಟಿಲ ಹತ್ತಿರ ಸ್ವಲ್ಪ ತಡಬಡಾಯಿಸಿ, ಬಲಗಾಲಿಟ್ಟು ರೈಲು ಹತ್ತಿದಳು.

ಅವಳ ಹಿಂದೆ ನಾವು ಹತ್ತಿದೆವು. ಮೊದಲ ದಿನ ಟಿಕೆಟ್ಟಿಲ್ಲ ಎಂದಿದ್ದರು. ಔಟರಿನಲ್ಲಿ ನಿಲ್ಲದೆ ರೈಲು ಹೋಗುವುದನ್ನು ಕಣ್ಣಾರೆ ನೋಡಬೇಕು ಎಂದು ಕುಂಬಾರ ಬೀದಿ ಬಂತು, ಪೇಟೆ ಬೀದಿ ಬಂತು, ಮುದುಕರು, ಬಾಣಂತಿಯರು, ಐರಿನ್ ಮೇಡಂ, ಎಲ್ಲರೂ ಬಂದರು. ನಾನು ವಡೆಯ ದೊಡ್ಡ ತಟ್ಟೆಯನ್ನು ತಲೆಯ ಮೇಲಿಟ್ಟುಕೊಂಡೇ ಹತ್ತಿದೆ. ಕುಳಿತವರ ಮೇಲೆ ಕುಳಿತವರು, ನಿಂತವರ ಕಾಲ ಮೇಲೆ ನಿಂತವರು. ಮಾಸ್ತರು ಹಸಿರು ದೀಪ ಹಾಕಿಸಿದರು. ಡ್ರೈವರ್ ಸೀಟಿ ಹೊಡೆದ. ಎಲ್ಲರೂ ಹೋ ಎಂದರು.

ರೈಲು ಹೊರಡಲಿಲ್ಲ.

ಇನ್ನೊಂದು ಸೀಟಿ ಆಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು, ಆಮೇಲೆ ಕಿಟಕಿಯಿಂದ ಹೊರಗೆ ನೋಡಿದೆವು. ಹೊಳೆಯುವ ಪ್ಲಾಟ್‌ಫಾರಮ್ಮಿನ ಮೇಲೆ ಒಂದು ನಾಯಿ ಮಲಗಿತ್ತು. ಹೊರ ಊರಿನವರಾದ ಮಾಸ್ತರು ಬಾವುಟ ಹಿಡಿದು ನಿಂತಿದ್ದರು. ಊರಿನವರೆನ್ನುವವರು ಅಲ್ಲಿ ಒಬ್ಬರೂ ಇರಲಿಲ್ಲ. ನಾಳೆಗೆ ಯಾರು, ನಾಡಿದ್ದಿಗೆ ಯಾರು ಎಂದು ಅಷ್ಟು ಜಾಣತನದಿಂದ ಹಂಚಿದ್ದೆವಲ್ಲ, ಇವತ್ತಿಗೆ ಯಾರು ಎಂದು ಯಾರೂ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲವೆಂದರೆ, ನಿಂಗಾಜಮ್ಮ ಇದ್ದಾಳಲ್ಲ ಎನ್ನುವುದು ನಮ್ಮ ಮೂಳೆಯಲ್ಲಿ ಕೂತಿತ್ತು. ಅವಳಿಗೆ ಹೂ ಮುಡಿಸಿ, ಅವಳ ಬುಟ್ಟಿ ಹೊತ್ತು, ಅವಳನ್ನು ಕಿಟಕಿಯ ಪಕ್ಕ ಕೂರಿಸಿದ ನಾವೇ, ರೈಲನ್ನು ಅವಳು ಕಳಿಸಿಕೊಡುತ್ತಾಳೆ ಎಂದುಕೊಂಡಿದ್ದೆವು. ನೆನೆಸಿಕೊಂಡರೆ ಈಗಲೂ ಮೈ ಮುದುಡುತ್ತದೆ.

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಅವಳಿಗೇ. ಬುಟ್ಟಿ ಎತ್ತಿಕೊಂಡು ಎದ್ದಳು. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ರೈಲು ನಿಂತರೆ ಏಳುವುದು ಅವಳ ಕಾಲಿಗೆ ರೂಢಿಯಾಗಿತ್ತು, ಅಷ್ಟೇ. 'ದಾರಿ ಬುಡ್ರಪ್ಪ' ಅಂದಳು. 'ಕಳ್ಸ್‌ಬುಟ್ಟು ನಾಳೀಕ್ ಹೋಗ್ತೀನಿ. ತಿಪ್ಪೇಶಿ, ಈ ಬುಟ್ಟಿ ಗಂಗಿಗೆ ಕೊಟ್ಬುಡೋ. ಜಗಲಿ ಮೇಲೆ ಕೂತಿರ್ತಾಳೆ.'

ಬುಟ್ಟಿ ನನ್ನ ಕೈಗೆ ಬಂತು. ಬಾಗಿಲಿನ ತನಕ ಜನ ಅವಳಿಗೆ ದಾರಿ ಬಿಡುತ್ತಿದ್ದರು. ದಾರಿ ಬಿಡುತ್ತಿದ್ದರು ನೋಡಿ, ಯಾರೂ ತಡೆಯುತ್ತಿರಲಿಲ್ಲ. ನಾಳೆ ಎಂದರೆ ಏನು? ಅಲ್ಲಿ ಒಬ್ಬಳು ಸೊಂಟ ಮುರಿದವಳು ತನ್ನನ್ನು ಎತ್ತಿಸಿಕೊಂಡು ಬಂದು ಬಾಗಿಲಲ್ಲಿ ಕೂತು ದಾರಿ ನೋಡುತ್ತಿದ್ದಾಳೆ. ಬುಟ್ಟಿಯ ಜೊತೆ ನಾನು ಹೋಗಿ ಅವಳ ಎದುರು ನಿಂತರೆ ಅವಳ ಮುಖ ಹೇಗಾಗಬೇಕು? ತಲೆಯ ಮೇಲಿನ ತಟ್ಟೆಯನ್ನು ಸೀಟಿನ ಕೆಳಗೆ ಇಳಿಸಿದೆ. ನಿಂಗಾಜಮ್ಮನ ಭುಜ ಹಿಡಿದು ಮತ್ತೆ ಅವಳ ಜಾಗದಲ್ಲಿ ಕೂರಿಸಿದೆ, ಬುಟ್ಟಿಯನ್ನು ಅವಳ ತೊಡೆಯ ಮೇಲಿಟ್ಟೆ.

'ಏಳಬ್ಯಾಡ ಅಮ್ಮಾ. ನಾನ್ ಇಳೀತೀನಿ' ಅಂದೆ.

ಇಳಿದೆ. ಕಲ್ಲುಬೆಂಚಿನ ಹತ್ತಿರ ನಿಂತು, ಗಂಟಲು ಸರಿ ಮಾಡಿಕೊಂಡು, ಹೋಗಿ ಬಾ ಅಂದೆ. ರೈಲು ಒಂದು ಗೇಣು ಕದಲಿ ನಿಂತಿತು. ನಿಜ ಹೇಳಬೇಕೆಂದರೆ ನನಗೂ ಹೋಗುವ ಆಸೆಯಿತ್ತು, ಅದು ಮಾತಿನ ಹಿಂದೆಯೇ ಇಣುಕುತ್ತಿತ್ತು. ರೈಲಿಗೆ ಎಲ್ಲ ಗೊತ್ತಾಗುತ್ತದೆ. ರುದ್ರೇಶನ ಹೆಂಡತಿ ಇಳಿದಳು, ಅವಳ ಹಿಂದೆ ರುದ್ರೇಶ. ಅವರೂ ಹೇಳಿದರು. ಇನ್ನೊಂದು ಗೇಣು. ಕುಂಬಾರ ಬೀದಿಯವರು ನಾಚಿಕೊಂಡು ಇಳಿದರು. ಪೇಟೆ ಬೀದಿ ಇಳಿಯಿತು. ಕೋಲೂರಿಕೊಂಡು ಮುದುಕರು ಇಳಿದರು, ಮಗುವನ್ನು ಕಿಟಕಿಯಿಂದ ಹೊರಗೆ ಕೊಟ್ಟು ಬಾಣಂತಿ ಇಳಿದಳು. ಇಳಿಯಿರಿ ಎಂದು ಯಾರೂ ಯಾರಿಗೂ ಹೇಳಲಿಲ್ಲ. ಕೊನೆಗೆ ಐರಿನ್ ಮೇಡಂ ಕೂಡ ಇಳಿದು ನನ್ನ ಪಕ್ಕ ಬಂದು ನಿಂತು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರೇ ಕಟ್ಟಿಸಿದ ಹಳಿಯ ಮೇಲೆ ಮೊದಲ ಸಲ ಹೋಗುವ ಭಾಗ್ಯ ಅವರಿಗೂ ಇರಲಿಲ್ಲ.

ಇಡೀ ರೈಲಿನಲ್ಲಿ ನಿಂಗಾಜಮ್ಮ ಒಬ್ಬಳೇ ಉಳಿದಳು. ಕಿಟಕಿಯ ಸರಳುಗಳ ಹಿಂದೆ ಅವಳ ಮುಖ ಕಾಣುತ್ತಿತ್ತು. ಬುಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ಮಲ್ಲಿಗೆ ಸ್ವಲ್ಪ ಜಾರಿತ್ತು. ಅಷ್ಟು ವರ್ಷ ಅವಳು ಪ್ರತಿಯೊಂದು ರೈಲಿನ ಕಿಟಕಿಯಲ್ಲಿ ಏನನ್ನು ಹುಡುಕುತ್ತಿದ್ದಳೋ ಅದು ನನಗೆ ಅವತ್ತು ಕಂಡಿತು. ನನ್ನ ಹೋಗುವ ಆಸೆ ಎಲ್ಲಿ ಹೋಯಿತೋ. ಈಕೆ ಹೋಗಲಿ, ಸುಖವಾಗಿ ಹೋಗಲಿ, ತಂಗಿಯ ಹೊಸ್ತಿಲು ತುಳಿದು ಮತ್ತೆ ನಮ್ಮ ಹತ್ತಿರ ಬರಲಿ ಎನ್ನುವುದೊಂದೇ ಒಳಗೆ ಉಳಿಯಿತು. ಪಕ್ಕದವರ ಮುಖ ನೋಡಿದೆ, ಅವರಿಗೂ ಹಾಗೆಯೇ ಆಗಿತ್ತು.

'ಹೋಗ್ಬುಟ್ಟು ಬಾರಮ್ಮ' ಅಂದೆ. ಊರೆಲ್ಲ ಅಂದಿತು. ಕೂಗಲಿಲ್ಲ, ಮನೆಯ ಬಾಗಿಲಲ್ಲಿ ನಿಂತು ಹೇಳುವಂತೆ ಹೇಳಿತು. ಐರಿನ್ ಮೇಡಂ 'ಹೋಗಿ ಬನ್ನಿ ಅಮ್ಮ' ಅಂದರು. ಅವರು ಊರಿನವರು ಹೌದೋ ಅಲ್ಲವೋ, ಆ ಕ್ಷಣ ರೈಲು ಅದನ್ನೆಲ್ಲ ವಿಚಾರಿಸಲಿಲ್ಲ. ಹೊರಟೇಬಿಟ್ಟಿತು.

ರೈಲು ಕದಲುತ್ತಿದ್ದಂತೆ ನಿಂಗಾಜಮ್ಮ ಹೆದರಿ ಸರಳು ಹಿಡಿದುಕೊಂಡಳು. ಪ್ಲಾಟ್‌ಫಾರಂ ಹಿಂದೆ ಸರಿಯುವುದನ್ನು ಅವಳು ಆ ಕಡೆಯಿಂದ ನೋಡಿದವಳೇ ಅಲ್ಲ. ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದಳು, ನೋಡುತ್ತ ನೋಡುತ್ತ ಮುಖ ಅರಳಿತು. ಸರಳು ಬಿಟ್ಟು ಕೈ ಹೊರಗೆ ಚಾಚಿದಳು. ಯಾವ ರೈಲೂ ಅವಳಿಗೆ ಹೇಳದೇ ಹೋಗಿದ್ದ ಮಾತನ್ನು ಹೇಳಿದಳು.

'ಬತ್ತೀನ್ರಪ್ಪ.'

ರೈಲು ತಿರುವಿನಲ್ಲಿ ಮರೆಯಾಗುವ ತನಕ ನಾವು ನಿಂತೇ ಇದ್ದೆವು. ಅದು ಔಟರಿನಲ್ಲಿ ನಿಲ್ಲಲಿಲ್ಲ. ಮೇಲೆ ಸೇತುವೆಯಲ್ಲಿ ಎಕ್ಸ್‌ಪ್ರೆಸ್ಸೊಂದು ಅದೇ ಹೊತ್ತಿಗೆ ಹಾದುಹೋಯಿತು, ಅದೂ ನಿಲ್ಲಲಿಲ್ಲ. ವಡೆಯ ತಟ್ಟೆ ರೈಲಿನಲ್ಲೇ ಉಳಿದುಹೋಗಿದೆ ಎಂದು ನನಗೆ ಆಗ ನೆನಪಾಯಿತು. ಹೋಗಲಿ, ಅಕ್ಕ ತಂಗಿ ಜಗಲಿಯ ಮೇಲೆ ಕೂತು ತಿನ್ನಲಿ ಅಂದುಕೊಂಡು ಗಾಡಿಯ ಹತ್ತಿರ ಹೋಗಿ ಒಲೆ ಹಚ್ಚಿದೆ. ಸಂಜೆಯ ರೈಲಿಗೆ ಅವಳು ಬರುತ್ತಾಳೆ, ಬಿಸಿ ವಡೆ ಇರಬೇಕು.